ಕಾರವಾರದ ಡಾಲ್ಫಿನ್, ಅಜೋರ್ಸ್‌ನ ತಿಮಿಂಗಿಲ, ನಮ್ಮ ಜಿಲ್ಲೆಯ ಬಾವಲಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತಿನ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ ‘ನಾನು ಕಂಡ ಲೋಕ’. ಲೋಕವೆಲ್ಲವನ್ನೂ ಹೇಳಲು ಹೊರಟರೆ ಮಧ್ಯಾಹ್ನದ ಊಟ ತಣ್ಣಗಾಗುತ್ತದೆ. ಹಾಗಾಗಿ ಕಡಲಿನ ಒಂದು ವಿಷಯ ಆರಿಸಿಕೊಂಡಿದ್ದೇನೆ. ದೋಣಿಯಲ್ಲಿ ಕುಳಿತು ಡಾಲ್ಫಿನ್ ಮತ್ತು ತಿಮಿಂಗಿಲ ನೋಡುವುದು. ‘ಬೋರ್‌ವೆಲ್ ಸಾವಿರದೈನೂರು ಅಡಿ ಹೋದರೂ ನೀರಿಲ್ಲದ ಊರಿನಲ್ಲಿ ತಿಮಿಂಗಿಲದ ಮಾತೇಕಯ್ಯಾ’ ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ಕೇಳಿಸಿತು. ಕೊನೆಯಲ್ಲಿ ಅದನ್ನು ನಮ್ಮ ಜಿಲ್ಲೆಗೇ ತಂದು ನಿಲ್ಲಿಸುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮಕ್ಕಳಿಗೆ ನೀರು ಎಂದರೆ ಕೆರೆ. ಪಾಲಾರ್ ನದಿ ಎಂದು ಭೂಗೋಳದ ಪುಸ್ತಕದಲ್ಲಿ ಓದಿದೆವು, ಅದರಲ್ಲಿ ನೀರಿಗಿಂತ ಮರಳನ್ನೇ ಹೆಚ್ಚು ಕಂಡೆವು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಎರಡು ಭಾಷೆಯಲ್ಲೂ ಕಡಲಿನ ಮಾತು ನಮ್ಮ ನಾಲಿಗೆಗೆ ಬಂದದ್ದು ಕಡಿಮೆ. ‘ತಿಮಿಂಗಿಲ’ ಎಂಬ ಪದವನ್ನು ಕನ್ನಡ ಮೇಷ್ಟ್ರು ಬಿಡಿಸಿ ಹೇಳಿದ್ದರು: ತಿಮಿ ಎಂಬ ದೊಡ್ಡ ಮೀನನ್ನೇ ನುಂಗುವಂಥದ್ದು ತಿಮಿಂಗಿಲ. ಪದ ತಲೆಯಲ್ಲಿ ಉಳಿಯಿತು. ಅದು ಮೀನೇ ಅಲ್ಲ, ನಮ್ಮ ಹಸುವಿನ ಹಾಗೆ ಬಿಸಿ ರಕ್ತದ, ಕರುವಿಗೆ ಹಾಲೂಡಿಸುವ, ಗಾಳಿ ಉಸಿರಾಡುವ ಪ್ರಾಣಿ ಎಂಬುದು ಕಣ್ಣಿಗೆ ಕಂಡಾಗ ನನಗೆ ನಲವತ್ತು ದಾಟಿತ್ತು.

ಅಂಚೆ ಇಲಾಖೆಯಲ್ಲಿದ್ದ ನನಗೆ ಕಾರವಾರಕ್ಕೆ ವರ್ಗವಾಯಿತು. ಇಲ್ಲಿಂದ ಹೆಚ್ಚುಕಡಿಮೆ ಆರುನೂರು ಕಿಲೋಮೀಟರು. ರಾಜ್ಯದ ಈ ಮೂಲೆಯಿಂದ ಆ ಮೂಲೆಗೆ. ನಮ್ಮಮ್ಮ ‘ಅದು ಯಾವ ದೇಶವೋ’ ಎಂದು ಅತ್ತರು. ಏಳು ವರ್ಷ ಅಲ್ಲಿದ್ದೆ. ಕಾಳಿ ನದಿ ಅರಬ್ಬೀ ಸಮುದ್ರವನ್ನು ಸೇರುವ ಅಳಿವೆ, ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ, ಎದುರಿಗೆ ಕಡಲಲ್ಲಿ ಕೂರ್ಮಗಡ, ದೇವಗಡ, ಅಂಜದೀವ್ ಎಂಬ ದ್ವೀಪಗಳು. ರವೀಂದ್ರನಾಥ ಟ್ಯಾಗೋರರು ಹರೆಯದಲ್ಲಿ ಬಂದು ಉಳಿದಿದ್ದ ಊರು ಅದು, ಅಲ್ಲಿನ ಕಡಲತೀರಕ್ಕೆ ಅವರ ಹೆಸರೇ ಇದೆ.

ಕಾಳಿ ನದಿ ಸಹ್ಯಾದ್ರಿಯ ಕಾಡಿನಿಂದ ಹೊತ್ತು ತರುವ ಮಣ್ಣು, ಎಲೆ, ಸತ್ವವೆಲ್ಲ ಅಳಿವೆಯಲ್ಲಿ ಹರಡುತ್ತದೆ. ಅದಕ್ಕೆ ಸಣ್ಣ ಮೀನು ಬರುತ್ತದೆ, ಸಣ್ಣ ಮೀನಿಗೆ ದೊಡ್ಡ ಮೀನು, ಅದರ ಹಿಂದೆ ಡಾಲ್ಫಿನ್. ಕಾರವಾರದ ದಡದ ಹತ್ತಿರ ಕಾಣುವುದು ಹೆಚ್ಚಾಗಿ ಹಂಪ್‌ಬ್ಯಾಕ್ ಡಾಲ್ಫಿನ್. ಬೆನ್ನಿನ ಮೇಲೆ ನಮ್ಮ ನಾಟಿ ಎತ್ತಿನ ಹಿಣಿಲಿನಂತೆ ಒಂದು ಗೂನು, ಅದರ ಮೇಲೆ ಪುಟ್ಟ ರೆಕ್ಕೆ. ಬೂದು ಬಣ್ಣ. ಉದ್ದ ಎರಡರಿಂದ ಎರಡೂಮುಕ್ಕಾಲು ಮೀಟರ್. ಸಿನಿಮಾದಲ್ಲಿ ತೋರಿಸುವ ಡಾಲ್ಫಿನ್‌ನಂತೆ ಆಕಾಶಕ್ಕೆ ನೆಗೆದು ಪಲ್ಟಿ ಹೊಡೆಯುವುದು ಇದರ ಸ್ವಭಾವವಲ್ಲ. ನಾಚಿಕೆಯ ಪ್ರಾಣಿ. ನಿಧಾನವಾಗಿ ಮೇಲೆ ಬಂದು, ‘ಫುಸ್’ ಎಂದು ಉಸಿರು ಬಿಟ್ಟು, ಬೆನ್ನು ಬಾಗಿಸಿ ಒಳಗೆ ಹೋಗುತ್ತದೆ. ಗಾಳಿಯಿಲ್ಲದ ಬೆಳಿಗ್ಗೆ ಆ ಉಸಿರು ಕಣ್ಣಿಗೆ ಮೊದಲು ಕಿವಿಗೆ ಸಿಗುತ್ತದೆ.

ಆಳ ಕಡಲು ಇದಕ್ಕೆ ಬೇಡ. ಇಪ್ಪತ್ತು, ಇಪ್ಪತ್ತೈದು ಮೀಟರ್ ಆಳದ ಒಳಗೆ, ದಡಕ್ಕೆ ಅಂಟಿಕೊಂಡ ನೀರಿನಲ್ಲೇ ಬದುಕು. ಮನುಷ್ಯರಿಗೂ ಅದೇ ನೀರು ಬೇಕು: ಬಲೆಗೆ, ಬಂದರಿಗೆ, ಕೊಳಚೆ ಬಿಡುವುದಕ್ಕೆ, ದೋಣಿ ವಿಹಾರಕ್ಕೆ. ತಾಯಿ ಡಾಲ್ಫಿನ್ ಸುಮಾರು ಒಂದು ವರ್ಷ ಬಸಿರು ಹೊತ್ತು ಒಂದೇ ಮರಿ ಹಾಕುತ್ತದೆ, ಮತ್ತೊಂದಕ್ಕೆ ಮೂರು ವರ್ಷವಾದರೂ ಬೇಕು. 2017ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಈ ಜಾತಿಯನ್ನು ಅಳಿವಿನಂಚಿನದು ಎಂದು ಸೇರಿಸಿದರು. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇದು ಮೊದಲನೇ ಪಟ್ಟಿಯ ಪ್ರಾಣಿ. ಅಂದರೆ ಹುಲಿಗೆ ಎಷ್ಟು ರಕ್ಷಣೆಯೋ ಇದಕ್ಕೂ ಅಷ್ಟೇ.

ನಾನು ಬಾಡಿಗೆಗಿದ್ದ ಮನೆಯ ಪಕ್ಕದವರು ಮೀನುಗಾರರು. ಹಿಂದೆ ರಂಪಣಿ ಬಲೆ ಎಳೆಯುತ್ತಿದ್ದ ಮನೆತನ, ಆಮೇಲೆ ಒಂದು ದೋಣಿಗೆ ಎಂಜಿನ್ ಹಾಕಿಸಿ ಪ್ರವಾಸಿಗರನ್ನು ಕರೆದೊಯ್ಯಲು ಶುರುಮಾಡಿದರು. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ, ಅಕ್ಟೋಬರಿನಿಂದ ಮೇ ತನಕ ಆ ಕೆಲಸ. ರಜೆಯ ದಿನ ನಾನೂ ಹತ್ತಿಕೊಳ್ಳುತ್ತಿದ್ದೆ. ಆ ಹಿರಿಯರು ಡಾಲ್ಫಿನ್ ಹುಡುಕುವ ರೀತಿ ನೋಡಬೇಕಿತ್ತು. ನೀರನ್ನು ನೋಡುತ್ತಲೇ ಇರಲಿಲ್ಲ, ಹಕ್ಕಿಗಳನ್ನು ನೋಡುತ್ತಿದ್ದರು. ರೀವಗಳು ಒಂದೇ ಕಡೆ ಮುಳುಗಿ ಏಳುತ್ತಿದ್ದರೆ ಅಲ್ಲಿ ಮೀನು. ನದಿಯ ಕೆಂಪು ನೀರು ಕಡಲಿನ ಹಸಿರು ನೀರಿಗೆ ತಾಗುವ ಗೆರೆ ಎಲ್ಲಿದೆ ಎಂದು ನೋಡುತ್ತಿದ್ದರು. ಆ ಜಾಗಕ್ಕೆ ಇನ್ನೂ ದೂರವಿರುವಾಗಲೇ ಎಂಜಿನ್ ಆರಿಸಿ ಸುಮ್ಮನೆ ಕೂರುತ್ತಿದ್ದರು. ಐದು ನಿಮಿಷ, ಹತ್ತು ನಿಮಿಷ. ಪ್ರವಾಸಿಗರು ಗೊಣಗುತ್ತಿದ್ದರು. ಆಮೇಲೆ ದೋಣಿಯ ಮಗ್ಗುಲಲ್ಲೇ ‘ಫುಸ್’.

ಎಲ್ಲರೂ ಹಾಗಿರಲಿಲ್ಲ. ರಜಾ ದಿನಗಳಲ್ಲಿ ಒಂದು ಡಾಲ್ಫಿನ್ ತಲೆ ಎತ್ತಿದರೆ ಸಾಕು, ಏಳೆಂಟು ದೋಣಿ ಎಂಜಿನ್ ಬಿರುಸು ಮಾಡಿಕೊಂಡು ನುಗ್ಗುತ್ತಿದ್ದವು. ಸೀಟಿ, ಕೂಗು, ಫೋನು. ಡಾಲ್ಫಿನ್ ತೋರಿಸದಿದ್ದರೆ ದುಡ್ಡು ಬೇಡ ಎಂಬ ಪೈಪೋಟಿ ಬೇರೆ. ಆ ಮಾತು ಕೇಳಲು ಚೆನ್ನ, ಆದರೆ ಅದರ ಭಾರ ಬೀಳುವುದು ಡಾಲ್ಫಿನ್ ಮೇಲೆ. ಬೆನ್ನಟ್ಟಿ ಹಿಡಿದಾದರೂ ತೋರಿಸಲೇಬೇಕಲ್ಲ! ಮರಿ ಜೊತೆಗಿರುವ ತಾಯಿ ಒಂದೊಂದು ಸಲಕ್ಕೆ ಕೆಲವೇ ಸೆಕೆಂಡು ಹಾಲೂಡಿಸುತ್ತದೆ, ಹಾಗೆ ಮತ್ತೆ ಮತ್ತೆ. ದೋಣಿ ಬೆನ್ನಟ್ಟಿದಷ್ಟೂ ಅದು ತಪ್ಪುತ್ತದೆ. ಕರು ಬಾಯಿ ಹಾಕಿದಾಗಲೆಲ್ಲ ಹಸುವನ್ನು ಎಬ್ಬಿಸಿ ಓಡಿಸಿದರೆ ಏನಾಗುತ್ತದೆ ಎಂದು ಈ ಊರಿನ ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ ಶಬ್ದದ್ದು. ಮಕ್ಕಳೇ, ಇದು ನಿಮ್ಮ ವಿಜ್ಞಾನ ಪಾಠದಲ್ಲೇ ಇದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ, ಸಮುದ್ರದ ನೀರಿನಲ್ಲಿ 1500 ಮೀಟರ್ ಹೋಗುತ್ತದೆ. ಕಾಳಿ ಅಳಿವೆಯ ನೀರು ಕಲಕಲು. ಕಣ್ಣು ಅಷ್ಟು ಉಪಯೋಗಕ್ಕೆ ಬಾರದು. ಡಾಲ್ಫಿನ್ ತನ್ನ ಹಣೆಯಿಂದ ‘ಟಿಕ್ ಟಿಕ್’ ಎಂಬ ಸಣ್ಣ ಸದ್ದು ಕಳಿಸಿ, ಮೀನಿಗೆ ತಾಗಿ ಬಂದ ಮಾರ್ದನಿಯನ್ನು ಕೆಳದವಡೆಯ ಮೂಲಕ ಒಳಗಿವಿಗೆ ಕೇಳಿಸಿಕೊಂಡು ದಾರಿ ಹುಡುಕುತ್ತದೆ. ಎಂಟು ಎಂಜಿನ್‌ಗಳ ನಡುವೆ ಅದು ಏನನ್ನು ಕೇಳಿಸಿಕೊಂಡೀತು? ನಮ್ಮ ಊರ ಜಾತ್ರೆಯ ದಿನ ಎಂಟು ಲೌಡ್‌ಸ್ಪೀಕರಿನ ನಡುವೆ ನಿಂತು ಮೊಮ್ಮಗನ ಅಳು ಯಾವ ಕಡೆಯಿಂದ ಬರುತ್ತಿದೆ ಎಂದು ಹುಡುಕಿದ ಹಾಗೆ.

ದೋಣಿಯ ವಿಷಯ ಬಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ ಹದಿನಾರು ಜನ ತೀರಿಕೊಂಡರು. ಮಕ್ಕಳೂ ಇದ್ದರು. ಕಡಲು ನೋಡದ ನಮ್ಮಂಥ ಊರಿನವರು ದೋಣಿ ಹತ್ತುವಾಗ ಲೈಫ್ ಜಾಕೆಟ್ ಕೊಟ್ಟರೆ ‘ಸೆಕೆ’ ಎಂದು ಪಕ್ಕಕ್ಕಿಡುತ್ತೇವೆ. ಇಡಬೇಡಿ. ಜನ ಹೆಚ್ಚಾಯಿತು ಅನ್ನಿಸಿದರೆ ಇಳಿದುಬಿಡಿ. ಡಾಲ್ಫಿನ್ ನಾಳೆಯೂ ಇರುತ್ತದೆ.

ಕಾರವಾರದಲ್ಲಿದ್ದಷ್ಟು ವರ್ಷ ನಾನು ಜೀವಂತ ತಿಮಿಂಗಿಲ ನೋಡಲಿಲ್ಲ. ಉತ್ತರ ಕನ್ನಡದ ದಡಕ್ಕೆ ಆಗಾಗ ಸತ್ತ ತಿಮಿಂಗಿಲ ಬಂದು ಬೀಳುತ್ತದೆ, ಜನ ಜಾತ್ರೆಯಂತೆ ಸೇರುತ್ತಾರೆ, ಕೊನೆಗೆ ಜೆಸಿಬಿ ತಂದು ಹೂಳುತ್ತಾರೆ. ಆದರೆ ನಮ್ಮ ಅರಬ್ಬೀ ಸಮುದ್ರದಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಬೇರೆಲ್ಲೂ ವಲಸೆ ಹೋಗದ ಹಂಪ್‌ಬ್ಯಾಕ್ ತಿಮಿಂಗಿಲಗಳ ಒಂದು ಗುಂಪಿದೆ. ಒಮಾನ್ ಕಡೆ ಎಣಿಸಿದಾಗ ನೂರಕ್ಕಿಂತ ಕಡಿಮೆ ಎಂಬ ಅಂದಾಜು ಬಂತು. 1960ರ ದಶಕದ ನಡುವೆ ಸೋವಿಯತ್ ಬೇಟೆ ಹಡಗುಗಳು ಈ ಕಡಲಲ್ಲಿ 242 ಹಂಪ್‌ಬ್ಯಾಕ್‌ಗಳನ್ನು ಗುಟ್ಟಾಗಿ ಕೊಂದದ್ದು ದಶಕಗಳ ನಂತರ ಹೊರಬಿತ್ತು. 2017ರ ಕೊನೆಯಲ್ಲಿ ಒಮಾನ್ ತೀರದಲ್ಲಿ ಉಪಗ್ರಹದ ಗುರುತು ಹಚ್ಚಿದ ‘ಲುಬಾನ್’ ಎಂಬ ಹೆಣ್ಣು ತಿಮಿಂಗಿಲ ಕಡಲು ದಾಟಿ ಗೋವೆಯ ಕಡೆ ಬಂದು, ನಮ್ಮ ಕರಾವಳಿಯ ಆಚೆಯಿಂದಲೇ ದಕ್ಷಿಣಕ್ಕೆ ಇಳಿದು ಕನ್ಯಾಕುಮಾರಿಯವರೆಗೆ ಹೋಯಿತು. ಲುಬಾನ್ ಅಂದರೆ ಅರಬ್ಬೀ ಭಾಷೆಯಲ್ಲಿ ಧೂಪ. ಕಾರವಾರದ ಜನ ಬೆಳಗಿನ ಚಹಾ ಕುಡಿಯುತ್ತಿದ್ದಾಗ ಹಳ್ಳಿಯ ಒಂದು ಮನೆಯಷ್ಟು ದೊಡ್ಡ ಜೀವವೊಂದು ದೂರದಲ್ಲಿ ಹಾದುಹೋಗಿದೆ, ಯಾರೂ ಕಂಡಿಲ್ಲ.

ತಿಮಿಂಗಿಲವನ್ನು ನಾನು ನೋಡಿದ್ದು ನಿವೃತ್ತಿಯ ನಂತರ. ಮಗಳು ಪೋರ್ಚುಗಲ್‌ನ ಲಿಸ್ಬನ್ನಿನಲ್ಲಿ ಕೆಲಸದಲ್ಲಿದ್ದಾಳೆ. ಅವಳು ನಮ್ಮಿಬ್ಬರನ್ನು ಅಜೋರ್ಸ್ ದ್ವೀಪಗಳಿಗೆ ಕರೆದುಕೊಂಡು ಹೋದಳು. ಅಟ್ಲಾಂಟಿಕ್ ಸಾಗರದ ನಡುಮಧ್ಯೆ, ಲಿಸ್ಬನ್ನಿನಿಂದ ವಿಮಾನದಲ್ಲಿ ಎರಡೂವರೆ ಗಂಟೆ. ಒಂಬತ್ತು ದ್ವೀಪ ಸೇರಿ ಜನಸಂಖ್ಯೆ ಎರಡೂವರೆ ಲಕ್ಷದ ಒಳಗೆ, ನಮ್ಮ ಜಿಲ್ಲೆಯದು 2011ರಲ್ಲೇ ಹದಿನೈದು ಲಕ್ಷ ದಾಟಿತ್ತು.

ಇಲ್ಲೊಂದು ಅಡ್ಡಮಾತು. ಅಷ್ಟು ದೂರದ ದ್ವೀಪಕ್ಕೂ ಕಾರವಾರಕ್ಕೂ ಹಳೆಯ ನಂಟಿದೆ. ವಾಸ್ಕೋ ಡ ಗಾಮಾ 1498ರಲ್ಲಿ ಊರಿಗೆ ಮರಳುವ ಮೊದಲು ಹಡಗು ನಿಲ್ಲಿಸಿ ದುರಸ್ತಿ ಮಾಡಿಕೊಂಡದ್ದು ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ. ಮರಳಿ ಹೋಗುವಾಗ ಅವನ ಅಣ್ಣ ಪಾವ್ಲೊ ಕಾಯಿಲೆ ಬಿದ್ದು ತೀರಿಕೊಂಡದ್ದು 1499ರಲ್ಲಿ ಅಜೋರ್ಸ್‌ನ ತೆರ್ಸೇರ ದ್ವೀಪದಲ್ಲಿ. ನಮ್ಮ ಶ್ರೀನಿವಾಸಪುರದ ಬಾದಾಮಿ ಮಾವಿದೆಯಲ್ಲ, ಅದರ ಇನ್ನೊಂದು ಹೆಸರು ಅಲ್ಫಾನ್ಸೊ ಬಂದದ್ದೂ ಪೋರ್ಚುಗೀಸ್ ಹೆಸರಿನಿಂದ. ಕೋಲಾರದ ಮಾರುಕಟ್ಟೆಗೆ ಹೋಗುವ ಟೊಮೇಟೊ, ಮೆಣಸಿನಕಾಯಿ ಎಲ್ಲ ಅವರು ಕಡಲು ದಾಟಿದ ಮೇಲೆ ನಮ್ಮ ಕಡೆ ಬಂದ ಬೆಳೆಗಳೇ.

ಅಜೋರ್ಸ್‌ನಲ್ಲಿ ಇಳಿದಾಗ ನನಗೆ ಮೊದಲು ಕಂಡದ್ದು ಕಡಲಲ್ಲ, ಹಸುಗಳು. ಕಪ್ಪು ಬಿಳುಪಿನ ಹಸುಗಳು ಬೆಟ್ಟದ ತುಂಬ. ಪೋರ್ಚುಗಲ್ ದೇಶದ ಹಾಲಿನಲ್ಲಿ ಮೂರನೇ ಒಂದರಷ್ಟು ಆ ಪುಟ್ಟ ದ್ವೀಪಗಳಿಂದಲೇ ಹೋಗುತ್ತದೆ. ನಮ್ಮಾಕೆ ‘ಇದು ನಮ್ಮೂರೇ, ಡೈರಿಯೊಂದು ಕಾಣುತ್ತಿಲ್ಲ’ ಎಂದಳು. ಹಸು ಸಾಕುವ, ಹೊಲ ಉಳುವ ಈ ಜನರೇ ನೂರು ವರ್ಷಕ್ಕೂ ಹೆಚ್ಚು ಕಾಲ ತಿಮಿಂಗಿಲ ಬೇಟೆಯಾಡಿದವರು. ಅಮೆರಿಕದ ಬೇಟೆ ಹಡಗುಗಳು ಅಲ್ಲಿ ನಿಂತು ಆಳುಗಳನ್ನು ಹತ್ತಿಸಿಕೊಳ್ಳುತ್ತಿದ್ದವು, ಅವರಿಂದ ಕಲಿತದ್ದು. ಬೆಟ್ಟದ ತುದಿಯಲ್ಲಿ ಒಂದು ಕಲ್ಲಿನ ಗೂಡು, ಅದಕ್ಕೆ ‘ವಿಜಿಯಾ’ ಎನ್ನುತ್ತಾರೆ. ಅದರಲ್ಲಿ ಒಬ್ಬ ಕಾವಲುಗಾರ ಬೆಳಗಿನಿಂದ ದುರ್ಬೀನು ಹಿಡಿದು ಕಡಲು ನೋಡುತ್ತಾ ಕೂರುತ್ತಿದ್ದ. ತಿಮಿಂಗಿಲದ ಉಸಿರಿನ ಹೊಗೆ ಕಂಡರೆ ಬಾಣ ಹಾರಿಸುತ್ತಿದ್ದ. ಆ ಸದ್ದು ಕೇಳಿದ ರೈತರು ಗುದ್ದಲಿ, ಕುಡುಗೋಲು ಬದುವಿನ ಮೇಲೆ ಬಿಟ್ಟು ದಡಕ್ಕೆ ಓಡುತ್ತಿದ್ದರು. ಉದ್ದನೆಯ ಮರದ ದೋಣಿ, ಏಳು ಜನ, ಕೈಯಲ್ಲಿ ಎಸೆಯುವ ಈಟಿ. ಎದುರಿಗೆ ಹದಿನೈದು ಮೀಟರ್ ಉದ್ದದ ಸ್ಪರ್ಮ್ ತಿಮಿಂಗಿಲ. ಎಣ್ಣೆಗಾಗಿ ಕೊಲ್ಲುತ್ತಿದ್ದರು. ಬಂದ ದುಡ್ಡು ಕಡಿಮೆ, ಸತ್ತ ಗಂಡಸರು ಇದ್ದರು. ಶ್ರೀಮಂತರ ಶೋಕಿಯಲ್ಲ, ಬಡವರ ಹೊಟ್ಟೆಪಾಡು. ಇದನ್ನು ಮರೆತು ಅವರನ್ನು ಕಟುಕರು ಎಂದು ಬೈಯುವುದು ಸುಲಭ.

1982ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ವ್ಯಾಪಾರದ ಬೇಟೆ ನಿಲ್ಲಿಸಲು ತೀರ್ಮಾನಿಸಿತು. ಅಜೋರ್ಸ್‌ನಲ್ಲಿ 1980ರ ದಶಕದಲ್ಲೇ ಬೇಟೆ ನಿಂತಿತು. ಪಿಕು ದ್ವೀಪದಲ್ಲಿ ಕೊನೆಯ ತಿಮಿಂಗಿಲವನ್ನು ಕೊಂದದ್ದು 1987ರಲ್ಲಿ. ಆಮೇಲೆ ಕೆಲವೇ ವರ್ಷಗಳಲ್ಲಿ ನೋಡಲು ಬರುವವರ ದೋಣಿಗಳು ಶುರುವಾದವು. ವಿಜಿಯಾ ಗೂಡುಗಳು ಅವೇ, ದುರ್ಬೀನು ಹಿಡಿದು ಕೂರುವ ಕೆಲಸವೂ ಅದೇ. ಬಾಣದ ಬದಲು ವೈರ್‌ಲೆಸ್ ಬಂತು, ಅಷ್ಟೆ. ಮೊದಮೊದಲು ಅಲ್ಲಿ ಕೂತವರು ಹಳೆಯ ಬೇಟೆ ಕಾವಲುಗಾರರೇ. ತಿಮಿಂಗಿಲ ಎಲ್ಲಿ ಮುಳುಗಿದರೆ ಎಲ್ಲಿ ಏಳುತ್ತದೆ ಎಂಬ ಲೆಕ್ಕ ಅವರಿಗಲ್ಲದೆ ಇನ್ಯಾರಿಗೆ ಗೊತ್ತಿತ್ತು? ಕೊಲ್ಲಲು ಕಲಿತ ವಿದ್ಯೆಯೇ ತೋರಿಸಲು ಕೆಲಸಕ್ಕೆ ಬಂತು. ಈ ಸಂಗತಿ ನನಗೆ ತಿಮಿಂಗಿಲಕ್ಕಿಂತ ಹೆಚ್ಚು ಹಿಡಿಸಿತು ಎಂದರೂ ಸರಿಯೇ.

ನಾವು ಹೊರಟದ್ದು ಪಿಕು ದ್ವೀಪದ ಲಾಜೆಸ್ ಎಂಬ ಊರಿನಿಂದ. ರಬ್ಬರ್ ಅಂಚಿನ ದೋಣಿ, ಹತ್ತು ಹನ್ನೆರಡು ಜನ. ಹೊರಡುವ ಮೊದಲು ಅರ್ಧ ಗಂಟೆ ಪಾಠ: ಹಿಂದಿನಿಂದ, ಮಗ್ಗುಲಿನಿಂದ ಹೋಗಬೇಕು, ದಾರಿಗೆ ಅಡ್ಡ ಹೋಗಬಾರದು, ಐವತ್ತು ಮೀಟರಿಗಿಂತ ಹತ್ತಿರ ಹೋಗಬಾರದು, ಮರಿ ಇದ್ದರೆ ಇನ್ನೂ ದೂರ, ಬಹಳ ಹೊತ್ತು ನಿಲ್ಲಬಾರದು, ಬೇರೆ ದೋಣಿಗಳಿದ್ದರೆ ಸರದಿ ಕಾಯಬೇಕು. ಬೆಟ್ಟದ ಮೇಲಿನವನು ವೈರ್‌ಲೆಸ್‌ನಲ್ಲಿ ದಿಕ್ಕು ಹೇಳಿದ. ಹೋಗಿ ಎಂಜಿನ್ ನಿಲ್ಲಿಸಿ ನೀರಿಗೆ ಒಂದು ಮೈಕು ಇಳಿಬಿಟ್ಟರು. ನಮ್ಮ ಕಡೆ ಕಲ್ಲುಕುಟಿಕರು ಬಂಡೆಗೆ ಉಳಿ ಹಾಕುವ ಸದ್ದು ನೆನಪಿದೆಯೇ? ಅದೇ: ಟಕ್, ಟಕ್, ಟಕ್. ಸಾವಿರ ಮೀಟರ್ ಆಳದ ಕತ್ತಲಲ್ಲಿ ತಿಮಿಂಗಿಲ ತನ್ನ ಬೇಟೆಯನ್ನು ಸದ್ದಿನಿಂದ ಹುಡುಕುತ್ತಿತ್ತು. ಮುಕ್ಕಾಲು ಗಂಟೆ ಕಾದೆವು. ನಮ್ಮಾಕೆಗೆ ವಾಂತಿ ಶುರುವಾಗಿತ್ತು, ಅವಳು ದ್ವೀಪಕ್ಕೂ ನನಗೂ ಸೇರಿಸಿ ಶಾಪ ಹಾಕುತ್ತಿದ್ದಳು.

ಆಗ ಎಡಕ್ಕೆ ವಾಲಿದ ಒಂದು ಉಸಿರಿನ ಕಾರಂಜಿ. ಸ್ಪರ್ಮ್ ತಿಮಿಂಗಿಲದ ಉಸಿರುಗಂಡಿ ತಲೆಯ ಎಡಭಾಗದಲ್ಲಿರುವುದರಿಂದ ಕಾರಂಜಿ ಓರೆಯಾಗಿ ಏಳುತ್ತದೆ. ಮರದ ದಿಮ್ಮಿಯ ಹಾಗೆ ನೀರ ಮೇಲೆ ಬಿದ್ದುಕೊಂಡು ಸುಮಾರು ಹತ್ತು ನಿಮಿಷ ಉಸಿರಾಡಿತು. ಚರ್ಮ ಒಣಗಿದ ನೇರಳೆ ಹಣ್ಣಿನಂತೆ ಸುಕ್ಕು. ಆಮೇಲೆ ಬೆನ್ನು ಬಾಗಿಸಿ, ಬಾಲವನ್ನು ಪೂರ್ತಿ ಮೇಲೆತ್ತಿ, ಸದ್ದಿಲ್ಲದೆ ನೇರ ಕೆಳಗಿಳಿಯಿತು. ದೋಣಿಯಲ್ಲಿ ಯಾರೂ ಮಾತಾಡಲಿಲ್ಲ. ವಾಂತಿ ಮಾಡುತ್ತಿದ್ದವಳೂ ಎದ್ದು ಕೈ ಮುಗಿದಿದ್ದಳು.

ಅಲ್ಲಿ ಎಲ್ಲ ಸರಿಯಿದೆ ಎಂದು ನಾನು ಹೇಳುವುದಿಲ್ಲ. ಅದೇ ಅಟ್ಲಾಂಟಿಕ್‌ನ ಕ್ಯಾನರಿ ದ್ವೀಪಗಳಲ್ಲಿ, ಟೆನೆರಿಫೆ ಸುತ್ತ, ವರ್ಷವಿಡೀ ಪೈಲಟ್ ತಿಮಿಂಗಿಲಗಳು ಇರುತ್ತವೆ, ಜನಸಾಗರವೂ ಇರುತ್ತದೆ, ವೇಗದ ಫೆರಿ ಹಡಗು ಬಡಿದು ಸಾಯುವ ತಿಮಿಂಗಿಲಗಳೂ ಇವೆ. ನಿಯಮ ಬರೆದಿಟ್ಟರೆ ಸಾಲದು, ಬೆಟ್ಟದ ಮೇಲೆ ಕೂತು ನೋಡುವ ಊರಿನವನೊಬ್ಬ ಬೇಕು. ಕಾರವಾರದ ನಮ್ಮ ಪಕ್ಕದ ಮನೆಯ ಹಿರಿಯರಿಗೆ ಯಾರೂ ನಿಯಮ ಕಲಿಸಿರಲಿಲ್ಲ. ಅವರಿಗೆ ಗೊತ್ತಿದ್ದ ಮಾತನ್ನು ನಿಯಮ ಮಾಡಿ, ಅಂಥವರ ದೋಣಿಗೆ ಮೊದಲ ಸರದಿ ಕೊಟ್ಟಿದ್ದರೆ ಅರ್ಧ ಕೆಲಸ ಆಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ.

ಸದ್ದು ಕಳಿಸಿ ಮಾರ್ದನಿ ಕೇಳಿ ಬದುಕುವ ವಿದ್ಯೆ ಕಡಲಲ್ಲಿ ಡಾಲ್ಫಿನ್ ಮತ್ತು ಹಲ್ಲುಳ್ಳ ತಿಮಿಂಗಿಲಕ್ಕೆ ಇದ್ದರೆ, ನೆಲದ ಮೇಲೆ ಬಾವಲಿಗೆ ಇದೆ. ನಾವು ಮನೆಯಲ್ಲಿ ಗಬ್ಬಿಲಂ ಎಂದು ಅಪಶಕುನದಂತೆ ಕರೆಯುವ ಪ್ರಾಣಿಯೇ. ನಮ್ಮ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಬಂಡೆಗವಿಯಲ್ಲಿ ಒಂದು ಜಾತಿಯ ಬಾವಲಿ ಇದೆ. ಮೂಗಿನ ಮೇಲೆ ಎಲೆಯಂತೆ ಮಡಿಕೆ, ಆ ಮೂಗಿನಿಂದಲೇ ಸದ್ದು ಕಳಿಸುತ್ತದೆ. 1994ರಲ್ಲಿ ವಿಜ್ಞಾನಿಗಳು ಇದನ್ನು ಹೊಸ ಜಾತಿ ಎಂದು ವಿವರಿಸಿದರು. ಜಗತ್ತಿನಲ್ಲಿ ಇದರ ಹೆಸರೇ ಕೋಲಾರದ ಎಲೆಮೂಗಿನ ಬಾವಲಿ. ನಮ್ಮ ಜಿಲ್ಲೆ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಕಂಡಿಲ್ಲ. ಅಂದಾಜು ಇನ್ನೂರರ ಒಳಗೆ ಉಳಿದಿವೆ, ಹೆಚ್ಚುಕಡಿಮೆ ಈ ಶಾಮಿಯಾನದ ಮುಂದಿನ ಸಾಲುಗಳಲ್ಲಿ ಕೂತಿರುವಷ್ಟು. ಅಳಿವಿಗೆ ಒಂದೇ ಹೆಜ್ಜೆ ಹಿಂದಿನ ಪಟ್ಟಿಯಲ್ಲಿದೆ. ದೊಡ್ಡ ಅಪಾಯ ಕಲ್ಲು ಗಣಿಗಾರಿಕೆ. ಅರಣ್ಯ ಇಲಾಖೆಯೂ ಬಾವಲಿ ಅಧ್ಯಯನ ಮಾಡುವವರೂ ಸೇರಿ ಗವಿಯನ್ನು ಕಾಯುವ ಕೆಲಸ ಮಾಡುತ್ತಿದ್ದಾರೆ.

ಕಲ್ಲು ಒಡೆಯುವುದು ನಮ್ಮ ಜನರ ಅನ್ನ, ಗೊತ್ತು. ನನ್ನ ಚಿಕ್ಕಪ್ಪನ ಬೆರಳೆರಡು ಅದರಲ್ಲೇ ಹೋದವು. ಎಲ್ಲ ಬಂಡೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಗವಿಯಿರುವ ಗುಡ್ಡ ಯಾವುದು, ಅದರಲ್ಲಿ ಏನಿದೆ ಎಂದು ಸಿಡಿಮದ್ದು ಇಡುವ ಮೊದಲು ಕೇಳುವವರು ಪಂಚಾಯ್ತಿಯಲ್ಲಿ ಇರಲಿ. ಇನ್ನೊಂದು ಕಡೆಯ ಅಪಾಯವೂ ಇದೆ. ಬಾವಲಿಗೆ ಹೆಸರು ಬಂತೆಂದು ಗವಿಗೆ ಮೆಟ್ಟಿಲು, ಬಣ್ಣದ ದೀಪ, ಟಿಕೆಟ್ ಇಡೋಣ ಎಂದು ನಾಳೆ ಯಾರಾದರೂ ಹೊರಟರೆ, ಕಾರವಾರದ ಆ ಏಳೆಂಟು ದೋಣಿಗಳನ್ನು ನೆನಪಿಸಿಕೊಳ್ಳಿ. ಕಡಲಲ್ಲಿ ಡಾಲ್ಫಿನ್ನಿಗೆ ತಪ್ಪಿಸಿಕೊಳ್ಳಲು ಜಾಗವಾದರೂ ಇದೆ. ಗವಿಗೆ ಇರುವುದು ಒಂದೇ ಬಾಯಿ.

ಹಾಗಾದರೆ ಮಕ್ಕಳು ಏನನ್ನೂ ನೋಡಬಾರದೇ? ನೋಡಲಿ. ಶಾಲೆಯ ಹಿಂದಿನ ಆಲದ ಮರದಲ್ಲಿ ತೊಗಲು ಬಾವಲಿಗಳಿವೆ, ಅವು ಹಣ್ಣು ತಿನ್ನುವವು. ಮುಸ್ಸಂಜೆ ದೂರ ನಿಂತು ಎಷ್ಟು ಹೊರಟವು ಎಂದು ಎಣಿಸಿ ತಿಂಗಳಿಗೊಮ್ಮೆ ಒಂದು ಪುಸ್ತಕದಲ್ಲಿ ಬರೆಯಿರಿ. ವಿಜ್ಞಾನದ ಮೇಡಂ ಒಪ್ಪಿದ್ದಾರೆ. ಹತ್ತು ವರ್ಷ ಬರೆದರೆ ಅದು ನಮ್ಮ ಊರಿನ ವಿಜಿಯಾ.

ಮತ್ತೊಂದು. ನಮ್ಮ ಬ್ಯಾಚಿನವರು ಸೇರಿ ನಿನ್ನೆ ರಾತ್ರಿ ಮಾತಾಡಿಕೊಂಡಿದ್ದೇವೆ. ಮುಂದಿನ ಜನವರಿಯಲ್ಲಿ ಒಂಬತ್ತನೇ ತರಗತಿಯ ಪ್ರವಾಸ ಕಾರವಾರಕ್ಕೆ ಹೋಗಲಿ, ಬಸ್ಸಿನ ಬಾಡಿಗೆ ನಮ್ಮದು. ಹುಡುಗಿಯರನ್ನು ಮನೆಯವರು ಬಿಡದೆ ನಿಲ್ಲಿಸಬಾರದು, ಅದೊಂದೇ ನಮ್ಮ ಷರತ್ತು. ಬೆಳಿಗ್ಗೆ ಆರೂವರೆಗೆ ದಡದಲ್ಲಿರಬೇಕು, ಗಾಳಿ ಏಳುವ ಮೊದಲು. ತಿಂಡಿ ಅರ್ಧ ಹೊಟ್ಟೆ ಮಾತ್ರ. ಹುಣಸೆಹಣ್ಣು ಜೇಬಿನಲ್ಲಿರಲಿ, ನಮ್ಮಾಕೆಗೆ ಅದು ಮೊದಲೇ ಹೊಳೆದಿದ್ದರೆ ಅಟ್ಲಾಂಟಿಕ್‌ನಲ್ಲಿ ಅಷ್ಟು ಬೈಗುಳ ನನಗೆ ತಪ್ಪುತ್ತಿತ್ತು. ನನ್ನ ಹತ್ತಿರ ಒಂದು ದುರ್ಬೀನು ಇದೆ, ಲಾಜೆಸ್‌ವರೆಗೂ ಹೋಗಿ ಬಂದದ್ದು. ಅದನ್ನು ಇವತ್ತು ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತಿದ್ದೇನೆ. ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ ಸಾರ್, ಮಕ್ಕಳ ಕೈಗೆ ಸಿಗಲಿ.